ರಿವಾಲ್ವರ್ ಬದಲಾಯಿತು, ಹೋಲ್‌ಸ್ಟರ್ ಹಳೆಯದೇ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹೋದ ವರ್ಷ ಮಳೆ ಹಿಡಿಯುವ ಮೊದಲು ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರೊಬ್ಬರು ಹುಣಸೂರಿನ ನನ್ನ ಅಂಗಡಿಗೆ ಒಂದು ಹಳೆಯ ಹೋಲ್‌ಸ್ಟರ್ ತಂದರು. ರಿವಾಲ್ವರ್ ಇಟ್ಟು ಸೊಂಟಕ್ಕೆ ಕಟ್ಟುವ ಚರ್ಮದ ಚೀಲ, ಅವರ ತಂದೆಯವರದು. 5 ಇಂಚು ನಳಿಗೆಯ .38 ವೆಬ್ಲಿ ರಿವಾಲ್ವರಿಗೆ ಹೊಲಿದದ್ದು. ಆ ವೆಬ್ಲಿ ಈಗ ಮನೆಯಲ್ಲಿಲ್ಲ. ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ನಳಿಗೆ ಬರೀ 3 ಇಂಚು. ಚೀಲದೊಳಗೆ ಇಳಿಸಿದರೆ ಅದು ಹಿಡಿಯವರೆಗೂ ಮುಳುಗುತ್ತದೆ, ನಡೆದರೆ ಒಳಗೇ ಅಲುಗಾಡುತ್ತದೆ.

“ನೀರಲ್ಲಿ ನೆನೆಸಿ, ಒಳಗೆ ರಿವಾಲ್ವರ್ ಇಟ್ಟು ಒಣಗಿಸಿದ್ರೆ ಚರ್ಮ ಕುಗ್ಗಿ ಕೂತ್ಕೊಳ್ಳುತ್ತಂತಲ್ಲ. ಅಷ್ಟು ಮಾಡ್ಕೊಡಪ್ಪ” ಅಂದರು.

“ಹಿಗ್ಗಿಸೋಕೆ ಆಗುತ್ತೆ ಸಾರ್, ಹೇಳಿದ ಜಾಗಕ್ಕೆ ಕುಗ್ಗಿಸೋಕೆ ಆಗಲ್ಲ” ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬೇರೆಲ್ಲೋ ಒಂದು ಸಲ ನೆನೆಸಿ ನೋಡಿಯೂ ಆಗಿತ್ತು. ಚೀಲದ ಬಾಯಿ ಸೊಟ್ಟಗಾಗಿ, ಮೈಮೇಲೆ ಕಪ್ಪು ಕಲೆಗಳು ಎದ್ದಿದ್ದವು.

ಇಂಥ ಕೆಲಸ ನನ್ನ ಬಳಿಗೆ ಬಂದಾಗಲೆಲ್ಲ ಹತ್ತರಲ್ಲಿ ಏಳೆಂಟು ಸಲ ಜನ ಚರ್ಮವನ್ನು ಬೈಯುತ್ತಾರೆ. ತಪ್ಪು ಇರುವುದು ಹೊಲಿಗೆಯಲ್ಲಿ. ಹಾಗಾಗಿ ನೀರಿನ ಬಕೆಟ್ ಮುಟ್ಟುವ ಮೊದಲು ನೋಡಬೇಕಾದ ಸಂಗತಿಗಳನ್ನು, ಇದೇ ಹೋಲ್‌ಸ್ಟರನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಆಯುಧ ಮೇಜಿನ ಮೇಲೆ ಬರಕೂಡದು

ಇನ್ನೊಬ್ಬರ ರಿವಾಲ್ವರನ್ನು ವಾರಗಟ್ಟಲೆ ನನ್ನ ಅಂಗಡಿಯಲ್ಲಿಟ್ಟುಕೊಳ್ಳಲು 1959ರ ಆಯುಧ ಕಾಯ್ದೆ ಬಿಡುವುದಿಲ್ಲ. ಕೊಡವರಿಗೂ, ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಅವರದು, ಚರ್ಮ ಹೊಲಿಯುವ ನನ್ನದಲ್ಲ. ಕಾನೂನು ಬಿಟ್ಟು ನೋಡಿದರೂ ಒದ್ದೆ ಚರ್ಮದೊಳಗೆ ಉಕ್ಕನ್ನು ರಾತ್ರಿಯಿಡೀ ಇಟ್ಟರೆ ಎರಡೂ ಹಾಳು. ಆದ್ದರಿಂದ ಮರದಲ್ಲಿ ಅದರ ಅಚ್ಚು ಕೆತ್ತಿಕೊಳ್ಳುತ್ತೇನೆ.

ಮಾಲೀಕರು ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ರಿವಾಲ್ವರನ್ನು ಬಿಚ್ಚಿ ತೋಟಾ ಕೂರುವ ಆರೂ ಮನೆ ಖಾಲಿ ಇವೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಡಬೇಕು. ಮನೆಯ ಇನ್ನೊಬ್ಬರಿಗೂ ತೋರಿಸಿ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ದಪ್ಪ ಕಾಗದದ ಮೇಲೆ ಮಲಗಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಪೆನ್ಸಿಲ್ ವಾಲಿದರೆ ಗೆರೆ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಹೋಗಿ ಅಚ್ಚು ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ನಳಿಗೆಯ ತುದಿ, ತೋಟಾ ತುಂಬುವ ಸಿಲಿಂಡರ್, ಟ್ರಿಗರಿನ ಸುತ್ತಲ ಬಳೆಯಾದ ಟ್ರಿಗರ್ ಗಾರ್ಡ್, ಹಿಂಬದಿಯ ಹ್ಯಾಮರಿನ ಬುಡ ಈ ನಾಲ್ಕು ಕಡೆ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ಅದೇ ಕಾಗದದಲ್ಲಿ ಬರೆದು ತಂದರೆ ಸಾಕು.

ಅಚ್ಚಿಗೆ ಹಾಲೆಮರ ಒಳ್ಳೆಯದು, ಚನ್ನಪಟ್ಟಣದ ಗೊಂಬೆಗೆ ಬಳಸುವ ಅದೇ ಬಿಳಿ ಮರ. ಕೆತ್ತಲು ಮೆದು, ಕಣ ನವಿರು, ಒದ್ದೆ ಚರ್ಮಕ್ಕೆ ಬಣ್ಣ ಬಿಡುವುದಿಲ್ಲ. ಹೊನ್ನೆ ಬೇಡವೇ ಬೇಡ. ಅದು ನೀರಿಗೆ ಬಣ್ಣ ಬಿಡುವ ಮರ. ಚೀಲದ ಒಳಮೈಯೆಲ್ಲ ಕಲೆ.

ಕೆತ್ತುವಾಗ ಎರಡು ಕಡೆ ಅಸಲಿನಂತೆ ಮಾಡುವುದಿಲ್ಲ. ಟ್ರಿಗರ್ ಗಾರ್ಡಿನ ತೂತನ್ನು ಮರದಿಂದಲೇ ತುಂಬಿ, ಮೇಲ್ಮೈಯಿಂದ 2 ಮಿಲಿಮೀಟರ್ ಮಾತ್ರ ತಗ್ಗಿಸಿ ಬಿಡುತ್ತೇನೆ. ತೂತು ಹಾಗೇ ಇದ್ದರೆ ಒತ್ತುವಾಗ ಚರ್ಮ ಅದರೊಳಗೆ ಇಳಿಯುತ್ತದೆ, ಒಣಗಿದ ಮೇಲೆ ಟ್ರಿಗರಿಗೆ ತಾಗುವ ಉಬ್ಬಾಗಿ ನಿಲ್ಲುತ್ತದೆ. ಎರಡನೆಯದು, ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಮೊನೆಯಿಂದ, ಅಂದರೆ ಸೈಟಿನಿಂದ ಹಿಂದಕ್ಕೆ, ಚೀಲದ ಬಾಯಿಯವರೆಗೂ, ನಳಿಗೆಯ ನೆತ್ತಿಯ ಮೇಲೆ ಒಂದು ಸಣ್ಣ ಪಟ್ಟಿ ಅಂಟಿಸುತ್ತೇನೆ. ಸೈಟ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಆ ದಾರಿಯುದ್ದಕ್ಕೂ ಹಾಯಬೇಕಲ್ಲ. ಪಟ್ಟಿ ಇಲ್ಲದೆ ಅಚ್ಚೊತ್ತಿದ ಚೀಲದಲ್ಲಿ ಸೈಟ್ ಚರ್ಮವನ್ನು ಕೆರೆಯುತ್ತಾ ಬರುತ್ತದೆ. ‘ಎಳೆದರೆ ಸಿಕ್ಕಿಕೊಳ್ಳುತ್ತದೆ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಚರ್ಮ ಯಾವುದು ಎಂದು ಮೊದಲು ಗೊತ್ತಾಗಲಿ

ಒದ್ದೆ ಮಾಡಿ ಅಚ್ಚೊತ್ತುವ ಕೆಲಸ ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಮಾತ್ರ ಒಗ್ಗುತ್ತದೆ. ನಮ್ಮ ಕಡೆ ತಂಗಡಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಿದ್ದರು, ಆಮೇಲೆ ವಾಟಲ್ ತೊಗಟೆ ಬಂತು. ಈ ಚರ್ಮ ನೀರು ಕುಡಿದಾಗ ಅದರ ನಾರುಗಳು ಒಂದರ ಪಕ್ಕ ಒಂದು ಜಾರುತ್ತವೆ. ಒಣಗುವಾಗ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲೇ ಗಟ್ಟಿಯಾಗುತ್ತವೆ. ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮ ಹಾಗಲ್ಲ. ಎಷ್ಟೇ ಒತ್ತಿದರೂ ಒಣಗುತ್ತಲೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಈಗಿನ ಜಾಕೆಟ್ಟು, ಕೈಚೀಲ, ಶೂಗಳ ಮೇಲ್ಚರ್ಮ ಬಹುತೇಕ ಇದೇ.

ಪತ್ತೆ ಮಾಡಲು ಚೀಲದ ಕಾಣದ ಅಂಚಿನಲ್ಲಿ, ಚರ್ಮ ಕತ್ತರಿಸುವ ರಂಪಿಗೆಯಿಂದ ಒಂದು ಎಳೆ ಸವರಿ, ಕತ್ತರಿಸಿದ ಮುಖ ನೋಡಿ. ಆರಪಾರ ಬೆಲ್ಲದ ಬಣ್ಣವಿದ್ದರೆ ತೊಗಟೆ ಹದ. ನಡುವೆ ನೀಲಿ ಛಾಯೆಯ ಬೂದಿ ಗೆರೆ ಕಂಡರೆ ಕ್ರೋಮ್. ಅನುಮಾನ ಉಳಿದರೆ ಸವರಿದ ಎಳೆಯನ್ನು ಕುದಿಯುವ ನೀರಿಗೆ ಹಾಕಿ. ತೊಗಟೆ ಹದದ್ದು ಕ್ಷಣದಲ್ಲಿ ಸುರುಳಿಯಾಗಿ ಮುದುಡಿ ಗಟ್ಟಿಯಾಗುತ್ತದೆ, ಕ್ರೋಮಿನದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈ ಎಳೆ ಮುದುಡಿದ್ದನ್ನು ನೋಡಿಯೇ ಬಿಸಿನೀರು ಹಾಕಿದರೆ ಹೋಲ್‌ಸ್ಟರ್ ಕುಗ್ಗುತ್ತದೆ ಎಂದು ಕೆಲವರಿಗೆ ಅನ್ನಿಸಿರಬೇಕು. ಕುಗ್ಗುವುದು ನಿಜ, ಆದರೆ ಅದು ಚರ್ಮ ಬೆಂದು ಕುಗ್ಗಿದ್ದು. ನಾರು ಸತ್ತು, ಹಪ್ಪಳದಂತೆ ಮುರಿಯುವ ಸ್ಥಿತಿ. ಅಲ್ಲಿಂದ ವಾಪಸ್ ದಾರಿಯಿಲ್ಲ.

ಇನ್ನೊಂದು ನೋಟ: ಹೊರಮೈ ಮೇಲೆ ಒಂದು ಹನಿ ನೀರು ಬಿಡಿ. ಹೀರಿಕೊಂಡು ಕಪ್ಪಾದರೆ ಸರಿ. ಗುಂಡಗೆ ನಿಂತರೆ ಮೇಣವೋ ಪಾಲಿಶೋ ಎಣ್ಣೆಯೋ ತುಂಬಿದೆ ಎಂದರ್ಥ. ಪಾಲಿಶಾದರೆ ಸ್ಪಿರಿಟಿನಲ್ಲಿ ಒರೆಸಿ ತೆಗೆಯಬಹುದು. ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಕುಡಿದ ಚರ್ಮ ಮಾತ್ರ ಅಚ್ಚು ಹಿಡಿಯುವುದಿಲ್ಲ. ಪ್ರೀತಿಯಿಂದ ಎಣ್ಣೆ ಹಚ್ಚಿ ಹಚ್ಚಿ ಮೆತ್ತಗಾದ ಹೋಲ್‌ಸ್ಟರ್‌ಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗಟ್ಟಿತನವೇ ಈ ಚೀಲದ ಗುಣ. ಚಪ್ಪಲಿಗೆ ಬೇಕಾದ ಮೆದುತನ ಇದಕ್ಕೆ ಬೇಡ.

ಬೆಳೆಗಾರರ ಚೀಲ ಒಳ್ಳೆಯ ತೊಗಟೆ ಹದದ ಎಮ್ಮೆ ಚರ್ಮ, 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ. ಇಷ್ಟು ವರ್ಷದ ಮೇಲೂ ಜೀವ ಇತ್ತು.

ಮುಳುಗುವುದು, ಅಲುಗಾಡುವುದು

ಈ ಎರಡನ್ನೂ ಒಂದೇ ದೋಷ ಎಂದುಕೊಳ್ಳಬಾರದು. ಅಲುಗಾಡುವುದು ಸುತ್ತಳತೆಯ ತಪ್ಪು. ಮುಳುಗುವುದು ಆಸರೆಯ ತಪ್ಪು.

ಸುತ್ತಳತೆ ನೋಡಲು ಎರಡು ಕಾಗದದ ಪಟ್ಟಿ ಸಾಕು. ಒಂದನ್ನು ಅಚ್ಚಿನ ನಳಿಗೆಗೆ, ಆಮೇಲೆ ಸಿಲಿಂಡರಿಗೆ ಸುತ್ತಿ ಗುರುತು ಹಾಕಿ. ಇನ್ನೊಂದನ್ನು ಚೀಲದ ಒಳಗೆ ಅದೇ ಎತ್ತರದಲ್ಲಿ ಸುರುಳಿ ಬಿಚ್ಚಿ ಗೋಡೆಗೆ ಒರಗಿಸಿ ಗುರುತು ಹಾಕಿ. ಇಲ್ಲಿ ನಳಿಗೆಯ ಬಳಿ ಚೀಲ 14 ಮಿಲಿಮೀಟರ್ ದೊಡ್ಡದಿತ್ತು, ಸಿಲಿಂಡರಿನ ಬಳಿ 9. ಚರ್ಮವನ್ನು ಎಷ್ಟು ಒತ್ತಿದರೂ ಇಷ್ಟೊಂದು ಹೆಚ್ಚುವರಿ ಚರ್ಮ ಎಲ್ಲಿಗೂ ಹೋಗುವುದಿಲ್ಲ, ಸುಕ್ಕಾಗಿ ಅಲ್ಲೇ ಉಳಿಯುತ್ತದೆ. ಹಿಂದೆ ನೆನೆಸಿದವರ ಕೈಯಲ್ಲಿ ಬಾಯಿ ಸೊಟ್ಟಗಾದದ್ದು ಹೀಗೆ.

ಲೆಕ್ಕ ಸುಲಭ. ಒಂದೇ ತುಂಡನ್ನು ಮಡಚಿ ಒಂದು ಅಂಚಿಗೆ ಹೊಲಿದ ಚೀಲದಲ್ಲಿ ಹೊಲಿಗೆಯನ್ನು 1 ಮಿಲಿಮೀಟರ್ ಒಳಗೆ ತಂದರೆ ಸುತ್ತಳತೆ 2 ಕಡಿಮೆಯಾಗುತ್ತದೆ, ಎರಡು ಪದರ ಇದೆಯಲ್ಲ. ಹಾಗಾಗಿ ನಳಿಗೆಯ ಬಳಿ 7, ಸಿಲಿಂಡರಿನ ಬಳಿ 4ರಿಂದ 5 ಒಳಗೆ ಬರಬೇಕು. ಅದರ ಮೇಲೆ ಇನ್ನೊಂದು ಮಿಲಿಮೀಟರ್ ಬಿಗಿ ಇಡುತ್ತೇನೆ; ಒದ್ದೆಯಲ್ಲಿ ಹಿಗ್ಗಿ ಸರಿಹೋಗುತ್ತದೆ. ಮೊದಲಿನಿಂದಲೇ ಸರಿಯಾಗಿ ಕೂತದ್ದು ಒದ್ದೆಯಾದ ಮೇಲೆ ಸಡಿಲವಾಗುತ್ತದೆ.

ಈಗ ಮುಳುಗುವ ಮಾತು. ಉದ್ದ ಹೆಚ್ಚಾಯಿತು, ತುದಿಯಲ್ಲಿ 2 ಇಂಚು ಕತ್ತರಿಸಿದರೆ ಆಯಿತು ಎಂದು ಯಾರಿಗಾದರೂ ಮೊದಲು ಹೊಳೆಯುತ್ತದೆ. ಕತ್ತರಿಸಿದರೂ ರಿವಾಲ್ವರ್ ಮುಳುಗುವುದು ನಿಲ್ಲುವುದಿಲ್ಲ, ಬರೀ ನಳಿಗೆ ಹೊರಗೆ ಇಣುಕುತ್ತದೆ. ರಿವಾಲ್ವರ್ ಚೀಲದಲ್ಲಿ ನಿಲ್ಲುವುದು ನಳಿಗೆಯ ತುದಿಯ ಮೇಲಲ್ಲ, ಟ್ರಿಗರ್ ಗಾರ್ಡಿನ ಮುಂಭಾಗದ ಮೇಲೆ. ಹೊಲಿಗೆ ನಳಿಗೆಯ ಉದ್ದಕ್ಕೂ ಬಂದು ಗಾರ್ಡಿನ ಮುಂದೆ ಹೊರಕ್ಕೆ ತಿರುಗುತ್ತದಲ್ಲ, ಆ ತಿರುವೇ ಮೆಟ್ಟಿಲು. ಗಾರ್ಡ್ ಅದರ ಮೇಲೆ ಕೂರುತ್ತದೆ. ವೆಬ್ಲಿಗೆ ಹಾಕಿದ ತಿರುವು ಹೊಸ ರಿವಾಲ್ವರಿನ ಗಾರ್ಡಿಗೆ ಸಿಗುವುದೇ ಇಲ್ಲ, ಅದರ ಪಕ್ಕದಲ್ಲೇ ಜಾರಿ ಇಳಿಯುತ್ತದೆ. ಆದ್ದರಿಂದ ಮೆಟ್ಟಿಲನ್ನು ಹೊಸ ಗಾರ್ಡಿಗೆ ತಕ್ಕಂತೆ ಮೇಲಕ್ಕೂ ಒಳಕ್ಕೂ ತರಬೇಕು. ಹಿಡಿಗೆ ಪೂರ್ತಿ ಮುಷ್ಟಿ ಸಿಗಬೇಕು, ಟ್ರಿಗರ್ ಮಾತ್ರ ಪೂರ್ತಿ ಮುಚ್ಚಿರಬೇಕು. ಇವೆರಡರ ನಡುವೆ ಎಲ್ಲಿ ನಿಲ್ಲಿಸುವುದು ಎಂಬುದೇ ಈ ಕೆಲಸದ ಹೃದಯ. ಅದಕ್ಕೆ ನಾನು ಅಚ್ಚನ್ನು ಚೀಲದೊಳಗಿಟ್ಟು, ಗಾರ್ಡಿನ ಮುಂದೆ ಹೊರಗಿನಿಂದ ಕ್ಲಿಪ್ಪುಗಳನ್ನು ಕಚ್ಚಿಸಿ, ಇಪ್ಪತ್ತು ಸಲವಾದರೂ ತೆಗೆದು ಹಾಕಿ ನೋಡುತ್ತೇನೆ. ಕ್ಲಿಪ್ಪು ಸರಿಸಲು ಒಂದು ಕ್ಷಣ ಸಾಕು. ತಪ್ಪಾದ ಹೊಲಿಗೆಯ ತೂತು ಎಂದೂ ಮುಚ್ಚುವುದಿಲ್ಲ.

ಜಾಗ ಗೊತ್ತಾದ ಮೇಲೆ ಹಳೆಯ ದಾರ ಬಿಚ್ಚಿ, ನಡುಪಟ್ಟಿ ಇದ್ದರೆ ಅದನ್ನೂ ತೆಗೆಯಿರಿ. ನಡುಪಟ್ಟಿ ಎಂದರೆ ಎರಡು ಪದರದ ಮಧ್ಯೆ ಹೊಲಿಗೆಯ ಜೊತೆ ಓಡುವ ಚರ್ಮದ ಪಟ್ಟಿ. ಸೈಟಿನ ಚೂಪು ದಾರಕ್ಕೆ ತಾಗದಂತೆ ಕಾಯುವುದು ಅದೇ, ಹೊಸದನ್ನು ಹೊಸ ಗೆರೆಗೆ ಕತ್ತರಿಸಿ ಇಡಿ. ಸಲ್ಯೂಷನ್ ಹಚ್ಚಿ ಅಂಟಿಸಿ, 4 ಮಿಲಿಮೀಟರಿಗೊಂದು ಗುರುತು ಹಾಕಿ, ಕೈಯುಳಿಯಿಂದ ನೇರವಾಗಿ ಚುಚ್ಚಿ, ಮೇಣ ಹಚ್ಚಿದ ದಾರಕ್ಕೆ ಎರಡು ಸೂಜಿ ಕಟ್ಟಿ ಎರಡೂ ಕಡೆಯಿಂದ ಹೊಲಿಯಿರಿ. ಮಿಷನ್ ಹೊಲಿಗೆಯಲ್ಲಿ ಒಂದು ಎಳೆ ತುಂಡಾದರೆ ಸಾಲೇ ಬಿಚ್ಚಿಕೊಳ್ಳಬಹುದು; ಜೋಡಿ ಸೂಜಿಯದರಲ್ಲಿ ಇನ್ನೊಂದು ಎಳೆ ಹಿಡಿದಿರುತ್ತದೆ. ಹೊಸ ಸಾಲು ಒಳಗೆ ಬಂದದ್ದರಿಂದ ಹಳೆಯ ತೂತುಗಳ ಅಂಚನ್ನು ರಂಪಿಗೆಯಲ್ಲಿ ಪೂರ್ತಿ ಸವರಿ ಹಾಕಬಹುದು. ಹೊಲಿಗೆಯ ಆಚೆ 5 ಮಿಲಿಮೀಟರ್ ಚರ್ಮ ಉಳಿಯಲಿ. ತುದಿ ಕತ್ತರಿಸುವುದು ಇದೆಲ್ಲ ಆದ ಮೇಲೆ; ನಳಿಗೆಯ ತುದಿಗಿಂತ ಒಂದು ಬೆರಳಗಲ ಬಿಟ್ಟು ಕತ್ತರಿಸಿ, ತಳ ತೆರೆದೇ ಇರಲಿ, ನೀರು ಕಸ ಇಳಿದು ಹೋಗುತ್ತದೆ.

ನೀರಿನ ಕೆಲಸ

ಇಲ್ಲಿಯವರೆಗೆ ಬಂದ ಮೇಲೆಯೇ ಬಕೆಟ್. ಉಗುರುಬೆಚ್ಚಗಿನ ನೀರು, ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ, ಅದಕ್ಕಿಂತ ಹೆಚ್ಚಲ್ಲ. ಚೀಲ ಮುಳುಗಿಸಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ನಿಂತ ಕೂಡಲೇ ತೆಗೆಯಿರಿ. ತೆಗೆದ ತಕ್ಷಣ ಒತ್ತಬೇಡಿ. ಮೇಲ್ಮೈಯ ಕಪ್ಪು ಸ್ವಲ್ಪ ತಿಳಿಯಾಗಿ, ಮುಟ್ಟಿದರೆ ತಣ್ಣಗಿದ್ದು ಬೆರಳಿಗೆ ನೀರು ಅಂಟದ ಹಂತ ಬರುವವರೆಗೆ ಕಾಯಿರಿ. ತೀರಾ ಒದ್ದೆಯಲ್ಲಿ ಒತ್ತಿದ ಗುರುತು ನಿಲ್ಲುವುದಿಲ್ಲ, ತೀರಾ ಒಣಗಿದರೆ ಮೂಡುವುದೇ ಇಲ್ಲ.

ಅಚ್ಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗಿಳಿಸಿ, ಹೆಬ್ಬೆರಳಿನಿಂದ ಒತ್ತಲು ಶುರು ಮಾಡಿ. ಉಗುರು ತಾಗಿದರೆ ಆ ಗೀರು ಜೀವಮಾನವಿಡೀ ಇರುತ್ತದೆ. ಸಂದುಗಳಿಗೆ ನುಣುಪಾದ ಮೂಳೆ ಕಡ್ಡಿ ಅಥವಾ ಚಮಚದ ಹಿಂಬದಿ ಸಾಕು, ಆದರೆ ಚಮಚ ಸ್ಟೀಲಿನದಾಗಿರಲಿ, ಕಬ್ಬಿಣದ್ದು ಬೇಡ. ಸಿಲಿಂಡರಿನ ಹಿಂಬದಿಯ ಏಣು, ಗಾರ್ಡಿನ ಮುಂಭಾಗ, ಇವೆರಡು ಕಡೆ ಚೆನ್ನಾಗಿ ಮೂಡಿದರೆ ರಿವಾಲ್ವರ್ ಹಿಡಿದು ನಿಲ್ಲುತ್ತದೆ. ಉಳಿದದ್ದೆಲ್ಲ ನೋಟಕ್ಕೆ. ಗೀರುಗೀರಾಗಿ ಪ್ರತಿಯೊಂದು ಸ್ಕ್ರೂ ಕಾಣುವಂತೆ ಒತ್ತುವ ಹುಮ್ಮಸ್ಸು ಹೊಸಬರಿಗಿರುತ್ತದೆ. ನನಗೆ ಅದು ಇಷ್ಟವಿಲ್ಲ, ಎಳೆಯುವಾಗ ಪ್ರತಿ ಗೀರೂ ಒಂದು ತಡೆ.

ಕಾನ್ಪುರದ ಈ ರಿವಾಲ್ವರ್ ವೆಬ್ಲಿಯ ವಂಶದ್ದೇ, ನಡುವೆ ಮುರಿದಂತೆ ತೆರೆದುಕೊಳ್ಳುವಂಥದ್ದು. ತೆರೆಯುವ ಲಾಚು ಎಡಬದಿಯಲ್ಲಿ ಹ್ಯಾಮರಿನ ಪಕ್ಕದಲ್ಲಿದೆ. ರಿವಾಲ್ವರ್ ಬೀಳದಂತೆ ಮೇಲೆ ಗುಂಡಿ ಹಾಕುವ ಪಟ್ಟಿಯಾಗಲಿ ಬಾಯಿಯ ಅಂಚಾಗಲಿ ಆ ಲಾಚನ್ನು ಒತ್ತುವಂತಿರಬಾರದು. ಹಳೆಯ ಪಟ್ಟಿ ಗಿಡ್ಡವೋ ಉದ್ದವೋ ಆದರೆ ಎಳೆದಾಡದೆ ಹೊಸ ಪಟ್ಟಿಯನ್ನೇ ಹಾಕಿ, ಒಂದು ಗುಂಡಿಯ ಖರ್ಚು.

ಒಣಗಿಸುವುದು ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಒಳ್ಳೆಯ ಬಿಸಿಲುಕಾಲದಲ್ಲೂ ಒಂದೂವರೆ ದಿನ ಬೇಕು. ಜುಲೈನ ಕೊಡಗಿನಲ್ಲಿ ನಾಲ್ಕು ದಿನವಾದರೂ ಒಳಮೈ ತಣ್ಣಗೇ ಇರುತ್ತದೆ. ಮನೆಯಲ್ಲಿ ಮಾಡುವವರು ಆತುರಕ್ಕೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡುತ್ತಾರೆ. ಅಂಚು ಸುರುಳಿಯಾಗಿ, ಮಡಿಕೆಯಲ್ಲಿ ಬಿರುಕು ಬಿಟ್ಟು ಬರುತ್ತದೆ. ಬಿರುಕು ಬಿಟ್ಟ ಮಡಿಕೆಗೆ ಔಷಧವಿಲ್ಲ.

ಬಿಗಿಯಾಗಿ ಸಿಕ್ಕಿಕೊಂಡರೆ

ಇದು ಉಲ್ಟಾ ದೂರು, ಸಣ್ಣ ಆಯುಧದ ಚೀಲಕ್ಕೆ ದೊಡ್ಡದು. ಸುತ್ತಳತೆಯ ಕೊರತೆ 4–5 ಮಿಲಿಮೀಟರಿನೊಳಗಿದ್ದರೆ ನೀರೂ ಬೇಡ. ಅಚ್ಚಿಗೆ ಎರಡು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ, ಒಣಗಿದ ಚೀಲದಲ್ಲೇ ಎರಡು ರಾತ್ರಿ ಬಿಡಿ. ಸಾಲದಿದ್ದರೆ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಇಡಿ. ಅದಕ್ಕಿಂತ ಹೆಚ್ಚು ಕೊರತೆಯಿದ್ದರೆ ಹೊಲಿಗೆ ಹೊರಕ್ಕೆ ಹೋಗಬೇಕು, ಅಲ್ಲಿ ಸಾಮಾನ್ಯವಾಗಿ ಚರ್ಮವೇ ಇರುವುದಿಲ್ಲ. ಬಲವಂತ ಮಾಡಿದರೆ ದಾರ ಚರ್ಮವನ್ನು ಕೊಯ್ಯುತ್ತಾ ಹೋಗುತ್ತದೆ. ರಿವಾಲ್ವರಿನ ಚೀಲಕ್ಕೆ ಚಪ್ಪಟೆ ಪಿಸ್ತೂಲು ಹೊಂದಿಸಿಕೊಡಿ ಎಂದು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ಸಿಲಿಂಡರಿಗೆಂದು ಉಬ್ಬಿದ ಹೊಟ್ಟೆಯಲ್ಲಿ ಪಿಸ್ತೂಲು ಎಂದೂ ನೆಟ್ಟಗೆ ನಿಲ್ಲುವುದಿಲ್ಲ.

ಕಪ್ಪು ಕಲೆ

ಬೆಳೆಗಾರರು ಇದನ್ನು ಬೂಷ್ಟು ಎಂದುಕೊಂಡಿದ್ದರು. ಬೂಷ್ಟು ಒರೆಸಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ತೊಗಟೆಯ ಟ್ಯಾನಿನ್ನಿಗೆ ಒದ್ದೆಯಲ್ಲಿ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಅಂದರೆ ಈ ಚೀಲದೊಳಗೆ ಯಾರೋ ಅಸಲಿ ರಿವಾಲ್ವರನ್ನೇ ಇಟ್ಟು ನೆನೆಸಿದ್ದರು, ಅಥವಾ ತುಕ್ಕು ಹಿಡಿದ ಬಕೆಟ್ ಬಳಸಿದ್ದರು. ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಹತ್ತಿಯಿಂದ ಒರೆಸಿದರೆ ಕಲೆ ಬಹಳಷ್ಟು ತಿಳಿಯಾಗುತ್ತದೆ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸುವುದನ್ನು ಮರೆಯಬೇಡಿ, ಹುಳಿ ಒಳಗೆ ಉಳಿದರೆ ಉಕ್ಕಿಗೆ ಕೆಡುಕು. ಕಲೆ ಇನ್ನೂ ಕಂಡರೆ ಇಡೀ ಚೀಲಕ್ಕೆ ಗಾಢ ಬಣ್ಣ ಹಾಕಿ. ನಾನು ಹಾಗೇ ಮಾಡಿದೆ.

ಯಾವಾಗ ಕೈಬಿಡಬೇಕು

ಬಾಯಿ ಮೆತ್ತಗಾದ ಚೀಲವನ್ನು ನಾನು ಸರಿ ಮಾಡುವುದಿಲ್ಲ. ಎಷ್ಟೇ ದುಡ್ಡು ಕೊಟ್ಟರೂ ಇಲ್ಲ. ರಿವಾಲ್ವರನ್ನು ವಾಪಸ್ ಇಳಿಸುವಾಗ ಒಳಕ್ಕೆ ಮಡಚಿಕೊಂಡ ಅಂಚು ಟ್ರಿಗರ್ ಗಾರ್ಡಿನೊಳಗೆ ಹೋಗಿ ಬೆರಳಿನಂತೆಯೇ ಟ್ರಿಗರನ್ನು ಒತ್ತುತ್ತದೆ, ಆಗ ನಳಿಗೆ ನೋಡುತ್ತಿರುವುದು ಸ್ವಂತ ತೊಡೆಯನ್ನು. ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ ಬಿಟ್ಟು ನೋಡಿ. ಪುಟಿದು ಹೊರಗೆ ಬರದಿದ್ದರೆ ಆ ಚೀಲದ ಆಯಸ್ಸು ಮುಗಿದಿದೆ. ತಂದೆಯ ನೆನಪಿನದಾದರೆ ಗೋಡೆಗೆ ನೇತುಹಾಕಿ, ಸೊಂಟಕ್ಕೆ ಬೇಡ. ಕ್ರೋಮ್ ಚರ್ಮದ್ದು, ಬೆಂದು ಗಟ್ಟಿಯಾದದ್ದು, ಮಡಿಕೆ ಬಿರುಕು ಬಿಟ್ಟದ್ದು, ಇವಕ್ಕೂ ಇದೇ ಮಾತು.

ಈ ಚೀಲದ ಬಾಯಿ ಸೊಟ್ಟಗಿದ್ದರೂ ಪುಟಿಯುತ್ತಿತ್ತು. ಹೊರಗಿನಿಂದ ಬಾಯಿಯ ಸುತ್ತ ಎರಡು ಬೆರಳಗಲದ ಇನ್ನೊಂದು ಪದರ ಹೊಲಿದು ಗಟ್ಟಿ ಮಾಡಿದೆ.

ಕೊನೆಯ ಪರೀಕ್ಷೆ

ಪೂರ್ತಿ ಒಣಗಿದ ಮೇಲೆ ಜೇನುಮೇಣವನ್ನು ಬೆಚ್ಚಗೆ ಮಾಡಿ ಹೊರಮೈಗೆ ತೆಳ್ಳಗೆ ಉಜ್ಜಿದೆ. ಎಣ್ಣೆ ಹಾಕಲಿಲ್ಲ. ಅಚ್ಚಿಗೆ ಸೀಸದ ತುಂಡು ಕಟ್ಟಿ 700 ಗ್ರಾಂ, ಅಂದರೆ ಆ ರಿವಾಲ್ವರಿನಷ್ಟೇ, ತೂಕ ಬರಿಸಿ, ಪಟ್ಟಿ ಹಾಕದೆ ಚೀಲವನ್ನು ತಲೆಕೆಳಗು ಹಿಡಿದೆ. ಬೀಳಲಿಲ್ಲ. ಎರಡು ಸಲ ಕೊಡವಿದೆ, ಅರ್ಧ ಬೆರಳಿನಷ್ಟು ಜಾರಿತು, ಬೀಳಲಿಲ್ಲ. ಅಷ್ಟು ಸಾಕು. ಆಮೇಲೆ ಬಾಯಿಯ ಅಂಚಿನಲ್ಲಿ ಟಾರ್ಚ್ ಬಿಟ್ಟು ಟ್ರಿಗರ್ ಬರುವ ಜಾಗ ನೋಡಿದೆ. ಒಳಗೆ ಉಬ್ಬಿಲ್ಲ, ಹೊರಗಿನಿಂದ ಬೆರಳು ತೂರುವ ಸಂದಿಲ್ಲ.

ಮಾಲೀಕರು ಮನೆಯಲ್ಲಿ ಖಾಲಿ ರಿವಾಲ್ವರಿನಲ್ಲಿ, ಬರಿಗೋಡೆಯ ಕಡೆ ಮುಖ ಮಾಡಿ, ನಿಧಾನವಾಗಿ ಐವತ್ತು ಸಲ ತೆಗೆದು ಹಾಕಬೇಕೆಂದು ಹೇಳಿ ಕಳಿಸಿದೆ. ಒಂದು ವಾರದ ಮೇಲೆ ಫೋನ್ ಬಂತು. “ಕೂತ್ಕೊಂಡಿದೆ ಕಣಪ್ಪ, ಆದ್ರೆ ಮೊದಲೆರಡು ದಿನ ಎಳೆಯೋಕೆ ಬಲ ಬೇಕಾಯ್ತು.” ಹೊಸದರಲ್ಲಿ ಹಾಗೇ ಇರಬೇಕು.

ಫೋನ್ ಇಡುವ ಮೊದಲು ಒಂದು ಮಾತು ಕೇಳಿದರು: ಮಳೆಗಾಲ ಮುಗಿಯುವವರೆಗೆ ರಿವಾಲ್ವರನ್ನು ಅದರಲ್ಲೇ ಇಟ್ಟು ಬೀರುವಿನಲ್ಲಿ ಇಡಬಹುದೇ? ಬೇಡ ಸಾರ್ ಅಂದೆ. ಚರ್ಮ ಗಾಳಿಯ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಹದದ ಹುಳಿ ಇರುತ್ತದೆ. ಉಕ್ಕಿಗೆ ತುಕ್ಕು, ತೋಟಾದ ಹಿತ್ತಾಳೆಗೆ ಹಸಿರು ಕಿಲುಬು ಒಂದೇ ಮಳೆಗಾಲದಲ್ಲಿ ಹಿಡಿಯುತ್ತದೆ. ರಿವಾಲ್ವರ್ ಒಣ ಬಟ್ಟೆಯಲ್ಲಿ ಬೀಗದೊಳಗೆ ಬೇರೆ, ಹೋಲ್‌ಸ್ಟರ್ ಗಾಳಿಯಾಡುವ ಕಡೆ ಗೂಟಕ್ಕೆ ಬೇರೆ. ಒಳಗೆ ಮರದ ಅಚ್ಚು ಇಟ್ಟಿರಲಿ ಎಂದು ಅದನ್ನೂ ಅವರಿಗೇ ಕೊಟ್ಟೆ.